ಅಮ್ಮತ್ತಿ ಕಡೆಯ ಒಂದು ತೋಟದ ಮನೆ: ವೈಫೈ ತೆಗೆದು ಒಳಗೆ ಜಿಗ್ಬೀ, ಹೊರಗೆ ಲೋರಾ ಹಾಕಿದ್ದು ಯಾಕೆ

ಹೋದ ವರ್ಷ ಜುಲೈ ಕೊನೇಲಿ ಬೆಳಿಗ್ಗೆ ಆರೂವರೆಗೆ ಫೋನ್ ಬಂತು. ಕೊಡಗಿನ ಅಮ್ಮತ್ತಿ ಕಡೆಯ ತೋಟದ ಮನೆ, ನಾನು ಹತ್ತು ವರ್ಷದಿಂದ ಇನ್ವರ್ಟರ್, ವೈರಿಂಗ್ ಅಂತ ಹೋಗಿ ಬರ್ತಿರೋ ಮನೆ. ಫೋನ್ ಮಾಡಿದ್ದು ಆ ಮನೆ ಆಂಟಿ, "ಅತ್ತೆ ರಾತ್ರಿ ಪ್ಯಾಸೇಜಲ್ಲಿ ಬಿದ್ದುಬಿಟ್ರು, ಕೈ ಮುರಿದಿದೆ, ಆ ಆಟೋಮ್ಯಾಟಿಕ್ ಲೈಟು ಹತ್ತಲೇ ಇಲ್ಲ, ಒಂದ್ಸಲ ಬಂದು ನೋಡ್ತೀರಾ" ಅಂದ್ರು. ಅಜ್ಜಿಗೆ 82 ವರ್ಷ. ನಾನು ಹೋಗೋ ಹೊತ್ತಿಗೆ ಅವರನ್ನ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ರು, ಮನೇಲಿ ಯಜಮಾನರೊಬ್ರೇ ಇದ್ದಿದ್ದು, ಕಾಫಿ ಕೂಡ ಕುಡಿದಿರಲಿಲ್ಲ ಅವರು.

ಆ ಸಿಸ್ಟಮ್ ಹಾಕಿದ್ದು ನಾನಲ್ಲ. ಫೆಬ್ರವರಿಲಿ ಹೊರಗಿನಿಂದ ಬಂದ ಒಬ್ರು ಎರಡೇ ದಿನದಲ್ಲಿ ಮುಗಿಸಿ ಹೋಗಿದ್ರು. ಸ್ವಿಚ್ ಬೋರ್ಡ್‌ಗಳ ಹಿಂದೆ 14 ವೈಫೈ ಮಾಡ್ಯೂಲ್, ಪ್ಯಾಸೇಜಲ್ಲಿ ಒಂದು ವೈಫೈ ಮೋಷನ್ ಸೆನ್ಸರ್, ಗೇಟಿನ ಹತ್ರ ಒಂದು ಔಟ್‌ಡೋರ್ ಆಂಟೆನಾ, ಎಲ್ಲಕ್ಕೂ ಒಂದೇ ಮೊಬೈಲ್ ಆ್ಯಪ್. ಫೆಬ್ರವರಿ, ಮಾರ್ಚ್, ಏಪ್ರಿಲ್ ಚೆನ್ನಾಗೇ ನಡೀತು ಅಂತ ಯಜಮಾನರೇ ಹೇಳಿದ್ರು. ಮಳೆ ಹಿಡಿದ ಮೇಲೆ ಒಂದೊಂದೇ ಕೈ ಕೊಡೋಕೆ ಶುರುವಾಯ್ತು, ಮೊದಲು ಗೇಟು, ಆಮೇಲೆ ಹಿಂದಿನ ಕೋಣೆ ಸ್ವಿಚ್ಚು, ಕೊನೆಗೆ ಈ ರಾತ್ರಿ.

ಆ ರಾತ್ರಿ ಏನಾಯ್ತು ಅಂತ ನಾನು ಅರ್ಧ ದಿನ ಕೂತು ಹುಡುಕಿದೆ. ಕರೆಂಟ್ ಹೋಗಿ ಎರಡು ದಿನ ಆಗಿತ್ತು, ಅದೇನೂ ಹೊಸದಲ್ಲ, ಗಾಳಿಗೆ ಲೈನ್ ಮೇಲೆ ಮರ ಬಿದ್ದಿತ್ತು. ಇನ್ವರ್ಟರ್ ಓಡ್ತಿತ್ತು. ರೂಟರ್ ಕೂಡ ಇನ್ವರ್ಟರ್ ಲೈನಲ್ಲೇ ಇತ್ತು, ಅದೂ ಆನ್ ಇತ್ತು. ಪ್ಯಾಸೇಜ್ ಬಲ್ಬಿಗೆ ಕರೆಂಟ್ ಇತ್ತು. ಆದ್ರೆ ಅದೇ ಮರ ಬಿದ್ದಾಗ ಫೈಬರ್ ಕೇಬಲ್ಲೂ ತುಂಡಾಗಿತ್ತು, ಅಂದ್ರೆ ಇಂಟರ್ನೆಟ್ ಇಲ್ಲ. ಸೆನ್ಸರ್ ಅಜ್ಜಿ ನಡೆದು ಬಂದಿದ್ದನ್ನ ನೋಡಿದೆ, ಆ ಸುದ್ದಿ ಎಲ್ಲೋ ಇರೋ ಸರ್ವರ್‌ಗೆ ಹೋಗಿ ವಾಪಸ್ ಬಂದು ಮೂರು ಅಡಿ ದೂರದ ಸ್ವಿಚ್ಚಿಗೆ "ಹತ್ತು" ಅಂತ ಹೇಳ್ಬೇಕಿತ್ತು, ಹೋಗೋಕೆ ದಾರಿನೇ ಇರಲಿಲ್ಲ. ಬಲ್ಬಿದೆ, ಕರೆಂಟಿದೆ, ಸೆನ್ಸರ್ ಇದೆ, ಮೂರೂ ಒಂದೇ ಗೋಡೆ ಮೇಲೆ ಇದಾವೆ, ಆದ್ರೂ ಕತ್ತಲೆ. ಐದು ತಿಂಗಳಿಂದ ಲೈಟು ತಾನೇ ಹತ್ತಿ ಹತ್ತಿ ಅಜ್ಜಿ ಸ್ವಿಚ್ ತಡಕೋ ಅಭ್ಯಾಸನೇ ಬಿಟ್ಟಿದ್ರು. ಇದು ನನಗೆ ಇವತ್ತಿಗೂ ಸಂಕಟ ಆಗೋ ವಿಷಯ, ಯಾಕಂದ್ರೆ ಏನೂ ಹಾಕದೇ ಇದ್ದಿದ್ರೆ ಅವರು ಗೋಡೆ ಹಿಡ್ಕೊಂಡು ಸ್ವಿಚ್ ಹುಡುಕ್ತಿದ್ರು.

ಹಾಗಾಗಿ ಈ ಮನೆಗೆ ಯಾವ ವೈರ್‌ಲೆಸ್ (ವೈಫೈಯೋ, ಮನೆ ಸ್ವಿಚ್ಚು ಸೆನ್ಸರ್ ಮಾತಾಡಿಸೋ ಜಿಗ್ಬೀಯೋ, ದೂರಕ್ಕೆ ಸಣ್ಣ ಸುದ್ದಿ ಕಳಿಸೋ ಲೋರಾನೋ) ಅನ್ನೋ ಪ್ರಶ್ನೆನ ನಾನು ಡಬ್ಬದ ಮೇಲಿನ ಫೀಚರ್ ಓದಿ ಶುರು ಮಾಡಲಿಲ್ಲ. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ರಾತ್ರಿ ಎರಡು ಗಂಟೆ, ಕರೆಂಟಿಲ್ಲ, ಇಂಟರ್ನೆಟ್ ಇಲ್ಲ, ಮಳೆ ಹೊಡೀತಿದೆ, ಆಗ ಏನು ಕೆಲಸ ಮಾಡುತ್ತೆ? ಅಲ್ಲಿಂದ ಶುರು ಮಾಡ್ದೆ.

ಮನೆ ಹೇಗಿದೆ ಅಂತ ಸ್ವಲ್ಪ ಹೇಳ್ಬೇಕು. ಮುಂದಿನ ಭಾಗ ಹಳೇ ಕಾಲದ್ದು, ಎರಡಡಿ ದಪ್ಪದ ಗೋಡೆ, ಮಂಗಳೂರು ಹೆಂಚು, ಮೇಲೆ ಮರದ ಅಟ್ಟ. ಹಿಂದೆ ಆಮೇಲೆ ಸೇರಿಸಿದ ಎರಡು ಕೋಣೆ, ಬಚ್ಚಲು, ಅಡುಗೆ ಮನೆ, ಅದು ಕಾಂಕ್ರೀಟ್ ಸ್ಲ್ಯಾಬು. ಮನೆಯಿಂದ ಗೇಟಿಗೆ ಸುಮಾರು 220 ಮೀಟರ್ ಇಳಿಜಾರು. ಕಣ ಮನೆ ಪಕ್ಕದಲ್ಲೇ. ನೀರಿನ ಟ್ಯಾಂಕು ಹಿಂದಿನ ದಿಣ್ಣೆ ಮೇಲೆ, 120 ಮೀಟರ್. ಕೆರೆ ಮತ್ತೆ ಪಂಪ್ ಶೆಡ್ಡು ಕೆಳಗೆ, 450 ಮೀಟರ್, ಮಧ್ಯದಲ್ಲೆಲ್ಲ ರೊಬಸ್ಟಾ ಕಾಫಿ, ಅದರ ಮೇಲೆ ಸಿಲ್ವರ್ ಓಕು, ಹಲಸು, ಅತ್ತಿ, ಎಲ್ಲ ಮರಕ್ಕೂ ಮೆಣಸಿನ ಬಳ್ಳಿ. ಮನೆ ಮುಂದೆ ನಿಂತ್ರೆ ಗೇಟೂ ಕಾಣಲ್ಲ, ಕೆರೇನೂ ಕಾಣಲ್ಲ.

ಮನೆಯವರನ್ನ ಕೂರಿಸಿ ಏನೇನು ಬೇಕು ಅಂತ ಕೇಳ್ದೆ. ಯಜಮಾನರಿಗೆ ಬೇಕಿದ್ದು ಪಂಪು. ಫೆಬ್ರವರಿ ಮಾರ್ಚಲ್ಲಿ ಹೂವಿಗೆ ಸ್ಪ್ರಿಂಕ್ಲರ್ ಹಾಕೋವಾಗ ತ್ರೀ ಫೇಸ್ ರಾತ್ರಿ ಹೊತ್ತು ಬಂದ್ರೆ ಯಾರಾದ್ರೂ ಕೆರೆಗೆ ಇಳೀಬೇಕು, ಆನೆ ಓಡಾಡೋ ದಾರಿ ಅದು. "ಹೋಗಿ ನೋಡಿದ್ರೆ ಕರೆಂಟ್ ಇರಲ್ಲ, ವಾಪಸ್ ಬರೋವಾಗ ಬ್ಯಾಟರಿ ಬೆಳಕಿಗೆ ಏನು ಸಿಗುತ್ತೋ ಅಂತ ಎದೆ ಡವಡವ ಅನ್ನುತ್ತೆ" ಅಂದ್ರು. ಆಂಟಿಗೆ ಕಣದಲ್ಲಿ ಕಾಫಿ ಹರಡಿದ್ದಾಗ ಅಕಾಲಕ್ಕೆ ಮಳೆ ಹನಿದ್ರೆ ಮನೆ ಒಳಗೆ ಗಂಟೆ ಹೊಡೀಬೇಕು, ಟಾರ್ಪಾಲ್ ಎಳೆಯೋಕೆ. ಮಗ ಬೆಂಗಳೂರಿಂದ ವಿಡಿಯೋ ಕಾಲಲ್ಲಿ ಉದ್ದ ಪಟ್ಟಿ ಹೇಳಿದ, ಕ್ಯಾಮೆರಾ, ಪರದೆ, ಮಾತಲ್ಲಿ ಹೇಳಿದ್ರೆ ಕೇಳೋ ಸ್ಪೀಕರ್ರು. ಅಜ್ಜಿ ಕೈಗೆ ಪ್ಲಾಸ್ಟರ್ ಹಾಕ್ಕೊಂಡು ಕೂತಿದ್ರು, "ನನಗೆ ಅದೆಲ್ಲ ಬೇಡ ಮಗ, ಕತ್ತಲಲ್ಲಿ ದಾರಿ ಕಂಡ್ರೆ ಸಾಕು" ಅಂದ್ರು. ನನ್ನ ಪಟ್ಟಿಲಿ ಅದು ಒಂದನೇದು.

ಟೆಸ್ಟ್ ಮಾಡೋದನ್ನ ಮಳೆ ನಿಂತ ಮೇಲೆ ಇಟ್ಕೊಳ್ಳೋಣ ಅಂದ್ರು ಯಜಮಾನರು, ನಾನು ಬೇಡ ಅಂದೆ. ಫೆಬ್ರವರಿಲಿ ಎಲ್ಲಾನೂ ಕೆಲಸ ಮಾಡುತ್ತೆ, ಎಲೆ ಒಣಗಿರುತ್ತೆ, ಗೋಡೆ ಒಣಗಿರುತ್ತೆ, ಹಿಂದಿನವರಿಗೆ ಮೋಸ ಆಗಿದ್ದೇ ಅಲ್ಲಿ. ಆಗಸ್ಟ್‌ನಲ್ಲೇ ಛತ್ರಿ ಹಿಡ್ಕೊಂಡು ಎರಡು ದಿನ ಓಡಾಡಿ ಅಳೆದೆ. ಗೇಟಿನ ವೈಫೈ ಸಿಗ್ನಲ್ ಮಳೆ ಇಲ್ಲದ ಒಂದು ಬೆಳಿಗ್ಗೆ ಹಾಗೂ ಹೀಗೂ ಹಿಡೀತಿತ್ತು, ಮಳೆ ಬಂದು ಅರ್ಧ ಗಂಟೆಗೆ ಪೂರ್ತಿ ಹೋಯ್ತು, ಮಳೆ ನಿಂತ ಮೇಲೂ ತುಂಬಾ ಹೊತ್ತು ಬರಲಿಲ್ಲ. ಇಲ್ಲಿ ಒಂದು ತಪ್ಪು ತಿಳುವಳಿಕೆ ಇದೆ, ಮಳೆ ಹನಿ ಸಿಗ್ನಲ್ ತಿನ್ನುತ್ತೆ ಅಂತ. 2.4 ಗಿಗಾಹರ್ಟ್ಜ್‌ನಲ್ಲಿ ಗಾಳಿಲಿ ಬೀಳೋ ಹನಿಯಿಂದ ಆಗೋ ನಷ್ಟ ಲೆಕ್ಕಕ್ಕೇ ಬರಲ್ಲ, ಅದು 10 ಗಿಗಾಹರ್ಟ್ಜ್ ದಾಟಿದ ಮೇಲೆ ದೊಡ್ಡ ವಿಷಯ. ನಮ್ಮಲ್ಲಿ ತಿನ್ನೋದು ಎಲೆ ಮೇಲೆ ಕೂತ ನೀರು. ನೂರು ಮೀಟರ್ ತೋಟ ಅಂದ್ರೆ ಎಷ್ಟು ಸಾವಿರ ಒದ್ದೆ ಎಲೆ ಅಂತ ಯೋಚಿಸಿ, ಅದಕ್ಕೇ ಮಳೆ ನಿಂತ ಮೇಲೂ ಎಲೆ ಒಣಗೋ ತನಕ ಸಿಗ್ನಲ್ ಬರಲ್ಲ. ಹಳೇ ಗೋಡೆನೂ ಹಾಗೇ, ಮಳೆಗಾಲದಲ್ಲಿ ತೇವ ಎಳೆದುಕೊಂಡು ದಪ್ಪ ಸ್ಪಂಜಿನ ಥರ ಆಗಿರುತ್ತೆ.

ಫ್ರೀಕ್ವೆನ್ಸಿ ಕಮ್ಮಿ ಆದಷ್ಟೂ ಈ ತೊಂದರೆ ಕಮ್ಮಿ. 2.4 ಗಿಗಾಹರ್ಟ್ಜ್ ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್, 866 ಮೆಗಾಹರ್ಟ್ಜ್‌ದು ಸುಮಾರು 35. ಮಧ್ಯದಲ್ಲಿ ಏನೂ ಇಲ್ಲದ ಬಯಲಲ್ಲೇ, ಒಂದೇ ಥರದ ಆಂಟೆನಾ ಇಟ್ಟರೂ ಇವೆರಡರ ಮಧ್ಯೆ 9 ಡೆಸಿಬೆಲ್ ವ್ಯತ್ಯಾಸ, ಅಂದ್ರೆ ತಲುಪೋ ಶಕ್ತಿ ಎಂಟು ಪಟ್ಟು ಹೆಚ್ಚು. ಎಲೆ ಗೋಡೆ ಸೇರಿದ್ರೆ ಅಂತರ ಇನ್ನೂ ದೊಡ್ಡದಾಗುತ್ತೆ.

ಈಗ ಒಂದೊಂದಾಗಿ. ವೈಫೈ ಬಗ್ಗೆ ನನಗೆ ದ್ವೇಷ ಇಲ್ಲ, ಕ್ಯಾಮೆರಾಗೆ ಅದೇ ಬೇಕು, ಅಷ್ಟು ಡೇಟಾ ಬೇರೆ ಯಾವುದೂ ಎಳೆಯಲ್ಲ. ಆದ್ರೆ ಬ್ಯಾಟರಿ ಸೆನ್ಸರ್‌ಗೆ ವೈಫೈ ಆಗಲ್ಲ, ಪ್ರತಿ ಸಲ ಎದ್ದು ರೂಟರ್‌ಗೆ ಜೋಡಿಸ್ಕೊಳ್ಳೋದಕ್ಕೇ ಬ್ಯಾಟರಿ ಮುಗಿಯುತ್ತೆ, ಜೊತೆಗೆ ಮನೆಯ ಎಲ್ಲ ಸ್ವಿಚ್ಚೂ ಒಂದೇ ರೂಟರ್ ಮೇಲೆ ನಿಂತಿರುತ್ತೆ, ಅದು ಹೋದ್ರೆ ಎಲ್ಲ ಹೋಯ್ತು. ಕ್ಲೌಡ್ (ದೂರದ ಸರ್ವರ್) ಇಲ್ಲದೆ ಮನೆ ಒಳಗೇ ಓಡೋ ವೈಫೈ ಮಾಡ್ಯೂಲ್‌ಗಳೂ ಇದಾವೆ, ಇಎಸ್‌ಪಿ ಅನ್ನೋ ವೈಫೈ ಚಿಪ್ಪಿಗೆ ಬೇರೆ ಫರ್ಮ್‌ವೇರ್ (ಒಳಗಿನ ಸಾಫ್ಟ್‌ವೇರ್) ಹಾಕಿ ಮಾಡ್ಬಹುದು, ಅದನ್ನ ಹಿಂದಿನ ಎರಡು ಕೋಣೆಯ ಫ್ಯಾನಿಗೆ ಉಳಿಸ್ಕೊಂಡೆ ಕೂಡ. ಬ್ಲೂಟೂತ್ ಮೆಶ್ ಬೇಗ ಬಿಟ್ಟೆ, ನನಗೆ ಬೇಕಾದ ಸೆನ್ಸರ್ ಅದರಲ್ಲಿ ಸಿಗಲಿಲ್ಲ, ಅಷ್ಟೇ ಕಾರಣ.

ಝಡ್-ವೇವ್ ಅನ್ನೋ, ಮನೆ ಸಾಧನಗಳಿಗೇ ಇರೋ ಇನ್ನೊಂದು ವೈರ್‌ಲೆಸ್ ಮೇಲೆ ನನಗೆ ಆಸೆ ಇತ್ತು. ಇಂಡಿಯಾದಲ್ಲಿ ಅದು 865.2 ಮೆಗಾಹರ್ಟ್ಜ್‌ನಲ್ಲಿ ಓಡುತ್ತೆ, ದಪ್ಪ ಗೋಡೆಗೆ ಹೇಳಿ ಮಾಡಿಸಿದ ಹಾಗೆ, ವೈಫೈ ಜೊತೆ ಜಗಳ ಇಲ್ಲ. ಮಗ ಕೂಡ "ಅಣ್ಣ, ನನ್ನ ಫ್ರೆಂಡ್ ಅಮೆರಿಕದಿಂದ ಒಂದು ಬಾಕ್ಸ್ ತುಂಬಾ ತಂದಿದ್ದಾನೆ, ಅದನ್ನೇ ಹಾಕೋಣ" ಅಂದ. ಅಮೆರಿಕದ ಝಡ್-ವೇವ್ 908 ಮೆಗಾಹರ್ಟ್ಜ್. ನಮ್ಮ ದೇಶದಲ್ಲಿ 890ರಿಂದ 915 ಅಂದ್ರೆ ಮೊಬೈಲ್ ಫೋನಿನ ಜಾಗ, ಫೋನ್ ಮಾತಾಡಿದ್ದನ್ನ ಟವರ್ ಕೇಳಿಸ್ಕೊಳ್ಳೋ ಬ್ಯಾಂಡ್, ಲೈಸೆನ್ಸ್ ಇಲ್ಲದೆ ಅಲ್ಲಿ ಬಾಯಿ ಬಿಡೋ ಹಾಗಿಲ್ಲ. ಬೇರೆ ದೇಶದ್ದನ್ನ ಇಲ್ಲಿನ ಕಂಟ್ರೋಲರ್ ಜೊತೆ ಸೇರಿಸೋಕೂ ಆಗಲ್ಲ, ರೇಡಿಯೋನೇ ಬೇರೆ. ಬಾಕ್ಸ್ ಹಾಗೇ ಇಡು ಅಂದೆ, ಪಾಪ ಅವನಿಗೆ ಬೇಜಾರಾಯ್ತು. ಇಲ್ಲಿನ ಫ್ರೀಕ್ವೆನ್ಸಿದು ಹುಡುಕಿದ್ರೆ ಆಯ್ಕೆ ತೀರಾ ಕಮ್ಮಿ, ರೇಟು ಜಾಸ್ತಿ, ಒಂದು ಸೆನ್ಸರ್ ಕೆಟ್ರೆ ಗೋಣಿಕೊಪ್ಪದಲ್ಲೋ ಮೈಸೂರಲ್ಲೋ ಅಂಗಡಿಗೆ ಹೋಗಿ ತರೋ ಹಾಗಿಲ್ಲ. ರಿಪೇರಿ ಮಾಡೋನಿಗೆ ಇದು ದೊಡ್ಡ ವಿಷಯ, ಐದು ವರ್ಷ ಆದ್ಮೇಲೂ ಅದೇ ಮನೆಗೆ ನಾನೇ ಹೋಗ್ಬೇಕು.

ಮ್ಯಾಟರ್ ಬಗ್ಗೆ ಮಗ ತುಂಬಾ ಓದಿಕೊಂಡಿದ್ದ. ಅದು 2022ರ ಅಕ್ಟೋಬರ್‌ನಲ್ಲಿ ಬಂದ ಸ್ಟ್ಯಾಂಡರ್ಡು, ಒಳ್ಳೇ ಯೋಚನೆ, ಬೇರೆ ಬೇರೆ ಕಂಪನಿ ಸಾಮಾನು ಒಂದಕ್ಕೊಂದು ಮಾತಾಡ್ಲಿ ಅಂತ. ಆದ್ರೆ ಮ್ಯಾಟರ್ ಅನ್ನೋದು ರೇಡಿಯೋ ಅಲ್ಲ, ಭಾಷೆ. ಅದು ವೈಫೈ ಮೇಲೋ ಥ್ರೆಡ್ (ಸಣ್ಣ ಸಾಧನಗಳ ಇನ್ನೊಂದು ವೈರ್‌ಲೆಸ್) ಮೇಲೋ ಸವಾರಿ ಮಾಡ್ಬೇಕು. ಥ್ರೆಡ್ ಕೂಡ ಜಿಗ್ಬೀ ಉಪಯೋಗಿಸೋ ಅದೇ 802.15.4 ರೇಡಿಯೋ, ಅದೇ 2.4 ಗಿಗಾಹರ್ಟ್ಜ್, ನನ್ನ ಗೋಡೆಗೆ ಎರಡೂ ಒಂದೇ. ಆಗ ಕೈಗೆ ಸಿಗ್ತಿದ್ದ ಸೆನ್ಸರ್‌ಗಳು ಜಿಗ್ಬೀಲಿ ಬೇಕಾದಷ್ಟು, ಥ್ರೆಡ್‌ನಲ್ಲಿ ಬೆರಳೆಣಿಕೆ. ಒಳಗೆ ಜಿಗ್ಬೀ ಅಂತ ತೀರ್ಮಾನ ಆಯ್ತು.

ಜಿಗ್ಬೀ ಮೆಶ್ ಅಂತ ಎಲ್ರೂ ಹೇಳ್ತಾರೆ, ಒಂದು ಸಾಧನ ಇನ್ನೊಂದಕ್ಕೆ ಸುದ್ದಿ ದಾಟಿಸುತ್ತೆ, ಒಂದು ದಾರಿ ಮುಚ್ಚಿದ್ರೆ ಇನ್ನೊಂದು ದಾರಿ ಹುಡುಕುತ್ತೆ ಅಂತ. ನಿಜ. ಆದ್ರೆ ದಾಟಿಸೋದು ಯಾವುದು? ಬ್ಯಾಟರಿ ಸೆನ್ಸರ್ ದಾಟಿಸಲ್ಲ, ಅದು ಸುದ್ದಿ ಹೇಳಿ ಮಲಗುತ್ತೆ. ದಾಟಿಸೋದು ಯಾವಾಗ್ಲೂ ಕರೆಂಟಲ್ಲಿ ಇರೋ ಸಾಮಾನು, ಸ್ಮಾರ್ಟ್ ಪ್ಲಗ್ಗು, ಸ್ವಿಚ್ ಮಾಡ್ಯೂಲು, ಬಲ್ಬು. ಅಂದ್ರೆ ಮೆಶ್‌ನ ಬೆನ್ನೆಲುಬೇ ಕರೆಂಟು. ನಮ್ಮ ಊರಲ್ಲಿ ಇದರ ಅರ್ಥ ಏನು ಅಂದ್ರೆ, ಫ್ರಿಜ್ ಹಿಂದೆ ಗೀಸರ್ ಪಕ್ಕ ಚಂದವಾಗಿ ಪ್ಲಗ್ ಹಾಕಿ ಮೆಶ್ ಕಟ್ಟಿದ್ರೆ, ಕರೆಂಟ್ ಹೋದ ಕೂಡ್ಲೇ ಆ ಪ್ಲಗ್ ಎಲ್ಲ ಸತ್ತು ಮೆಶ್ ಬಿಡಿಬಿಡಿಯಾಗುತ್ತೆ, ಯಾಕಂದ್ರೆ ಇಲ್ಲಿ ಇನ್ವರ್ಟರ್ ಲೈನು ಲೈಟಿಗೆ ಫ್ಯಾನಿಗೆ ಮಾತ್ರ ಇರುತ್ತೆ, ಪವರ್ ಪ್ಲಗ್ಗಿಗೆ ಇರಲ್ಲ. ಯಾವ ರಾತ್ರಿಗೆ ಅದು ಬೇಕೋ ಅದೇ ರಾತ್ರಿ ಅದು ಇರಲ್ಲ. ಇನ್ನೂ ಒಂದು, ಕೆಲವು ಅಗ್ಗದ ಸೆನ್ಸರ್‌ಗಳು ತಮ್ಮ ಪ್ಲಗ್ಗು ಸತ್ರೆ ಬೇರೆ ದಾರಿ ಹುಡುಕದೆ ಅದನ್ನೇ ಕಾಯ್ತಾ ಕೂತುಬಿಡ್ತಾವೆ.

ಅದಕ್ಕೆ ನಾನು ಮಾಡಿದ್ದು, ಸುದ್ದಿ ದಾಟಿಸೋ ರೂಟರ್‌ಗಳನ್ನೆಲ್ಲ ಬರೀ ಇನ್ವರ್ಟರ್ ಲೈನಿಗೆ ತಂದೆ. ಯುಎಸ್‌ಬಿ ಕಡ್ಡಿ ಥರದ ಜಿಗ್ಬೀ ರೂಟರ್ ಸಿಗುತ್ತೆ, ಮೊಬೈಲ್ ಚಾರ್ಜರ್‌ಗೆ ಚುಚ್ಚಿದ್ರೆ ಸಾಕು, ಅಂಥದ್ದು ಮೂರು. ಒಂದು ಅಟ್ಟದ ಮೇಲೆ, ಯಾಕಂದ್ರೆ ಎರಡಡಿ ಗೋಡೆ ತೂರಿ ಹೋಗೋದಕ್ಕಿಂತ ಮೇಲೆ ಹತ್ತಿ ಮರದ ಹಲಗೆ ದಾಟಿ ಇಳಿಯೋದು ಸಿಗ್ನಲ್‌ಗೆ ಸುಲಭ, ಟೆಸ್ಟ್ ಮಾಡಿದಾಗ ಇದು ಕಣ್ಣಿಗೆ ಕಟ್ಟಿದ ಹಾಗೆ ಗೊತ್ತಾಯ್ತು. ಇನ್ನೊಂದು ಹಳೇ ಮನೆ ಮತ್ತೆ ಕಾಂಕ್ರೀಟ್ ಮನೆ ಸೇರೋ ಬಾಗಿಲ ಮೇಲೆ. ಮೂರನೇದು ಅಡುಗೆ ಮನೇಲಿ. ಸ್ಮಾರ್ಟ್ ಬಲ್ಬ್ ಒಂದೂ ಹಾಕಲಿಲ್ಲ, ಯಾರಾದ್ರೂ ಅಭ್ಯಾಸ ಬಲದಿಂದ ಗೋಡೆ ಸ್ವಿಚ್ ಆಫ್ ಮಾಡಿದ್ರೆ ಆ ಬಲ್ಬೂ ಹೋಯ್ತು, ಅದರ ಮೂಲಕ ಹೋಗೋ ದಾರೀನೂ ಹೋಯ್ತು. ಹಳೇ ಸ್ವಿಚ್ ಡಬ್ಬಿಗಳಲ್ಲಿ ನ್ಯೂಟ್ರಲ್ ವೈರ್ ಇರಲಿಲ್ಲ, ನ್ಯೂಟ್ರಲ್ ಇಲ್ಲದೆ ಓಡೋ ಮಾಡ್ಯೂಲ್ ಸಾಮಾನ್ಯವಾಗಿ ಸುದ್ದಿ ದಾಟಿಸಲ್ಲ, ಸಣ್ಣ ಎಲ್‌ಇಡಿ ಬಲ್ಬು ಮಿಣಮಿಣ ಅನ್ನೋದೂ ಇದೆ. ಪ್ಯಾಸೇಜಿಗೆ ಬಚ್ಚಲಿಗೆ ಹೊಸದಾಗಿ ನ್ಯೂಟ್ರಲ್ ಎಳೆದೆ, ಉಳಿದಿದ್ದನ್ನ ಮುಟ್ಟಲಿಲ್ಲ.

ಚಾನೆಲ್ ಆರಿಸೋದು ಚಿಕ್ಕ ಕೆಲಸ, ಮಾಡದೇ ಇದ್ರೆ ತಿಂಗಳುಗಟ್ಟಲೆ ತಲೆನೋವು. ಜಿಗ್ಬೀಗೆ 2.4 ಗಿಗಾಹರ್ಟ್ಜ್‌ನಲ್ಲಿ 11ರಿಂದ 26ರ ತನಕ 16 ಚಾನೆಲ್. ಮನೆ ವೈಫೈ ಆಟೋ ಅಂತ ಇತ್ತು, ಅದನ್ನ 1ಕ್ಕೆ ಕಟ್ಟಿಹಾಕಿದೆ, 20 ಮೆಗಾಹರ್ಟ್ಜ್ ಅಗಲ ಮಾತ್ರ. ಜಿಗ್ಬೀನ 25ಕ್ಕೆ ಇಟ್ಟೆ, ಅದು 2475 ಮೆಗಾಹರ್ಟ್ಜ್, ವೈಫೈಯಿಂದ ದೂರ. 26 ಇನ್ನೂ ದೂರ ಇದೆ ನಿಜ, ಆದ್ರೆ ಕೆಲವು ಸಾಮಾನು ಆ ಚಾನೆಲ್‌ನಲ್ಲಿ ಶಕ್ತಿ ಕಮ್ಮಿ ಮಾಡಿ ಮಾತಾಡ್ತಾವೆ. ಜಿಗ್ಬೀ ಡಾಂಗಲ್‌ನ (ಕಂಪ್ಯೂಟರಿಗೆ ಜಿಗ್ಬೀ ಸೇರಿಸೋ ಯುಎಸ್‌ಬಿ ಕಡ್ಡಿ) ನೇರ ಕಂಪ್ಯೂಟರಿನ ನೀಲಿ ಬಣ್ಣದ ಯುಎಸ್‌ಬಿ 3 ಕಿಂಡಿಗೆ ಚುಚ್ಚಬೇಡಿ, ಆ ಕಿಂಡಿನೇ 2.4 ಗಿಗಾಹರ್ಟ್ಜ್‌ನಲ್ಲಿ ಗಲಾಟೆ ಎಬ್ಬಿಸುತ್ತೆ. ಒಂದು ಮೀಟರ್ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ದೂರ ನೇತುಹಾಕಿದ ಮೇಲೆ ಹಿಂದಿನ ಕೋಣೆ ಸೆನ್ಸರ್ ಸಿಗ್ನಲ್ ಕಣ್ಣೆದುರೇ ಏರಿತು. ಹೋಮ್ ಅಸಿಸ್ಟೆಂಟ್ (ಮನೆ ಸಾಧನಗಳನ್ನೆಲ್ಲ ನಡೆಸೋ ಸಾಫ್ಟ್‌ವೇರ್) ಓಡೋ ಪುಟ್ಟ ಕಂಪ್ಯೂಟರ್‌ಗೆ ಎಸ್‌ಡಿ ಕಾರ್ಡ್ ಬದಲು ಎಸ್‌ಎಸ್‌ಡಿ, ಕರೆಂಟ್ ಪಟ್ ಅಂತ ಹೋಗಿ ಬರೋ ಕಡೆ ಎಸ್‌ಡಿ ಕಾರ್ಡ್ ಬಾಳಲ್ಲ. ಅದಕ್ಕೂ ವೈಫೈ ರೂಟರ್‌ಗೂ ಸೇರಿ ಒಂದು ಚಿಕ್ಕ 12 ವೋಲ್ಟ್ ಡಿಸಿ ಯುಪಿಎಸ್, ಇನ್ವರ್ಟರ್ ಬ್ಯಾಟರಿ ಇಳಿದ ಮೇಲೂ ಸ್ವಲ್ಪ ಹೊತ್ತು ನಿಲ್ಲಲಿ ಅಂತ.

ಇಷ್ಟೆಲ್ಲ ಆದ್ಮೇಲೂ ಆ ಪುಟ್ಟ ಕಂಪ್ಯೂಟರ್ ಕೆಟ್ರೆ? ಮತ್ತೆ ಅದೇ ಕಥೆ, ಸರ್ವರ್ ಎಲ್ಲೋ ದೂರದ್ದು ಅಲ್ಲ, ಅಟ್ಟದ ಕೆಳಗಿನದು ಅನ್ನೋದಷ್ಟೇ ವ್ಯತ್ಯಾಸ. ಜಿಗ್ಬೀ ಆರಿಸೋಕೆ ನನಗೆ ನಿಜವಾದ ಕಾರಣ ಇಲ್ಲಿದೆ. ಅದರಲ್ಲಿ ಬೈಂಡಿಂಗ್ ಅಂತ ಒಂದಿದೆ, ಸೆನ್ಸರನ್ನ ಸ್ವಿಚ್ಚಿಗೆ ನೇರ ಗಂಟು ಹಾಕೋದು. ಒಂದ್ಸಲ ಗಂಟು ಹಾಕಿದ್ರೆ ಸೆನ್ಸರ್ ನೇರ ಸ್ವಿಚ್ಚಿಗೇ ಹೇಳುತ್ತೆ, ಮಧ್ಯದಲ್ಲಿ ಕಂಪ್ಯೂಟರ್ ಬೇಡ, ಇಂಟರ್ನೆಟ್ ಬೇಡ, ವೈಫೈ ಬೇಡ. ಎಲ್ಲ ಮೋಷನ್ ಸೆನ್ಸರ್‌ಗೂ ಇದು ಬರಲ್ಲ, ಬಹಳಷ್ಟು ಬರೀ "ಯಾರೋ ಬಂದ್ರು" ಅಂತ ಕಂಪ್ಯೂಟರಿಗೆ ವರದಿ ಮಾಡ್ತಾವೆ ಅಷ್ಟೇ, ಆನ್ ಆಫ್ ಆಜ್ಞೆ ಕಳ್ಸೋ ಶಕ್ತಿ ಅವಕ್ಕಿರಲ್ಲ. ನಾನು ಮೊದಲು ತಂದ ಎರಡು ಸೆನ್ಸರ್ ಹಾಗೇ ಇತ್ತು, ವಾಪಸ್ ಕೊಟ್ಟು ಬೇರೆ ತಂದೆ. ಬೇಕಾದವರು ಕೊಳ್ಳೋ ಮುಂಚೆ ಇದನ್ನ ಕೇಳಿ ತಿಳ್ಕೊಳ್ಳಿ.

ಅಕ್ಟೋಬರ್‌ನಲ್ಲಿ ಕೂರಿಸಿದ ದಿನ ಅಜ್ಜಿನ ಕರೆದು ಮಂಚದ ಮೇಲೆ ಕೂರಿಸ್ದೆ. ಅವರ ಎದುರೇ ಮೇನ್ ಆಫ್ ಮಾಡ್ದೆ, ವೈಫೈ ರೂಟರ್ ಕಿತ್ತೆ, ಕಂಪ್ಯೂಟರ್ ವೈರ್ ಕಿತ್ತೆ. "ಈಗ ನಡೀರಿ ಅಜ್ಜಿ" ಅಂದೆ. ಅವರು ಎಡಗೈಲಿ ಗೋಡೆ ಹಿಡ್ಕೊಂಡು ಕಾಲಿಟ್ರು, ಪ್ಯಾಸೇಜ್ ಲೈಟ್ ಹತ್ತಿತು, ಬಚ್ಚಲ ಬಾಗಿಲು ಹತ್ರ ಹೋದಾಗ ಎರಡನೇದೂ ಹತ್ತಿತು. ವಾಪಸ್ ಬಂದ್ರು, ಮತ್ತೆ ಹೋದ್ರು. ಮೂರು ಸಲ ನಡೆದು ನೋಡಿದ್ರು. ಆದ್ರೂ ನನಗೆ ಧೈರ್ಯ ಸಾಲದೆ ಅದೇ ಪ್ಯಾಸೇಜಲ್ಲಿ ಮೊಣಕಾಲೆತ್ತರಕ್ಕೆ ಒಂದು ಚಾರ್ಜಿಂಗ್ ಸೆನ್ಸರ್ ಲೈಟೂ ಅಂಟಿಸಿದೆ, ಅದಕ್ಕೆ ಯಾವ ವೈರ್‌ಲೆಸ್ಸೂ ಇಲ್ಲ, ಅದರ ಪಾಡಿಗೆ ಅದು ಹತ್ತುತ್ತೆ. ವಯಸ್ಸಾದವರು ನಡೆಯೋ ದಾರಿಗೆ ಒಂದನ್ನೇ ನಂಬಬಾರದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಇನ್ನು ಹೊರಗೆ. 450 ಮೀಟರ್ ತೋಟಕ್ಕೆ ಜಿಗ್ಬೀ ಆಗೋ ಮಾತಲ್ಲ. ಕೇಬಲ್ ಎಳೆಯೋಣ ಅಂತ ಯಜಮಾನರು ಹೇಳಿದ್ರು, ಏಪ್ರಿಲ್ ಮೇ ಸಿಡಿಲಿಗೆ ಅಷ್ಟುದ್ದ ತಾಮ್ರ ಮಲಗಿಸೋಕೆ ನನಗೆ ಭಯ, ಒಂದು ಸಿಡಿಲಿಗೆ ಎರಡೂ ಕಡೆ ಸಾಮಾನು ಸುಟ್ಟಿದ್ದನ್ನ ಬೇರೆ ತೋಟದಲ್ಲಿ ನೋಡಿದೀನಿ. ಲೋರಾ ಇಲ್ಲಿಗೆ ಸರಿಯಾಗಿ ಕೂತುಕೊಳ್ತು. ನಮ್ಮ ದೇಶದಲ್ಲಿ 865ರಿಂದ 867 ಮೆಗಾಹರ್ಟ್ಜ್ ಲೈಸೆನ್ಸ್ ಇಲ್ಲದೆ ಬಳಸೋಕೆ 2005ರಲ್ಲೇ ಬಿಟ್ಟಿದ್ದಾರೆ, 2021ರಲ್ಲಿ 868ರ ತನಕ ಚಾಚಿದ್ರು. ಲೋರಾ ತುಂಬಾ ನಿಧಾನ, ನಾನು ಇಟ್ಟಿರೋ ಎಸ್‌ಎಫ್10 ಅನ್ನೋ ನಿಧಾನದ ಸೆಟ್ಟಿಂಗಲ್ಲಿ ಸೆಕೆಂಡಿಗೆ ಸಾವಿರ ಬಿಟ್ ಕೂಡ ಬರಲ್ಲ, ಜಿಗ್ಬೀ ಸೆಕೆಂಡಿಗೆ ಎರಡೂವರೆ ಲಕ್ಷ ಬಿಟ್. ಆದ್ರೆ ನನಗೆ ಬೇಕಿರೋದು ಏನು, "ತ್ರೀ ಫೇಸ್ ಇದೆ, ಮೋಟರ್ ಓಡ್ತಿದೆ, ಟ್ಯಾಂಕ್ ಅರ್ಧ", ಹತ್ತು ಹನ್ನೆರಡು ಅಕ್ಷರ. ನಿಧಾನ ಆದಷ್ಟೂ ಅದಕ್ಕೆ ಕಿವಿ ಚುರುಕು. ಜಿಗ್ಬೀ ರಿಸೀವರ್ ಮೈನಸ್ 100 ಡಿಬಿಎಂ (ಸಿಗ್ನಲ್ ಶಕ್ತಿಯ ಅಳತೆ, ಮೈನಸ್ ಹೆಚ್ಚಾದಷ್ಟೂ ಸಿಗ್ನಲ್ ಕ್ಷೀಣ) ಹತ್ರ ಕೈ ಚೆಲ್ಲುತ್ತೆ, ಲೋರಾ ಈ ಸೆಟ್ಟಿಂಗಲ್ಲಿ ಮೈನಸ್ 130 ಹತ್ರ ತನಕ ಕೇಳಿಸ್ಕೊಳ್ಳುತ್ತೆ. ಆಗಸ್ಟ್ ಮಳೇಲಿ ಕೆರೆಯಿಂದ ಮನೆಗೆ ಮೈನಸ್ 118 ಸಿಕ್ತು, ಒಂದು ಸುದ್ದಿನೂ ತಪ್ಪಲಿಲ್ಲ.

ನಾಲ್ಕೇ ನಾಲ್ಕು ಕಡೆಗೆ ದೊಡ್ಡ ಗೇಟ್‌ವೇ ಇಟ್ಟು ಲೋರಾವ್ಯಾನ್ (ಲೋರಾ ಸಾಧನಗಳ ದೊಡ್ಡ ನೆಟ್‌ವರ್ಕ್) ಮಾಡೋದು ಬೇಡ ಅನ್ನಿಸ್ತು, ಇಎಸ್‌ಪಿ32 ಜೊತೆ ಲೋರಾ ಮಾಡ್ಯೂಲ್ ಹಾಕಿ ನೇರ ಮಾತಾಡಿಸ್ದೆ. ಮಾಡ್ಯೂಲ್ ಕೊಳ್ಳೋವಾಗ 868 ಅಂತ ಬರೆದಿರೋದು ತಗೊಂಡು ಸಾಫ್ಟ್‌ವೇರಲ್ಲಿ 866ಕ್ಕೆ ಇಟ್ಕೋಬೇಕು, 915ರದ್ದು ತಗೋಬಾರದು. ನೇರ ಲೋರಾದಲ್ಲಿ ಬೀಗ ತಾನಾಗೇ ಇರಲ್ಲ, ಯಾರು ಬೇಕಾದ್ರೂ ಕೇಳಿಸ್ಕೋಬಹುದು, ಕೇಳಿಸ್ಕೊಂಡಿದ್ದನ್ನ ಮತ್ತೆ ಬಿಡಬಹುದು. ಮೋಟರ್ ಸ್ಟಾರ್ಟ್ ಮಾಡೋ ಆಜ್ಞೆ ಹಾಗೆ ಬಿಡೋಕಾಗುತ್ತಾ, ಪ್ರತಿ ಸುದ್ದಿಗೂ ಎನ್‌ಕ್ರಿಪ್ಷನ್ ಹಾಕಿ ಒಂದು ಏರೋ ನಂಬರ್ ಸೇರಿಸ್ದೆ, ಹಳೇ ನಂಬರ್ ಬಂದ್ರೆ ಪಂಪ್ ಬಾಕ್ಸ್ ಕಿವಿಗೇ ಹಾಕ್ಕೊಳ್ಳಲ್ಲ. ಮನೆಯಿಂದ ಹತ್ತು ನಿಮಿಷ ಏನೂ ಸುದ್ದಿ ಬರದಿದ್ರೆ ಪಂಪ್ ಬಾಕ್ಸ್ ತಾನೇ ಮೋಟರ್ ನಿಲ್ಲಿಸುತ್ತೆ. ಸ್ಟಾರ್ಟರಿನ ಓವರ್‌ಲೋಡ್ ರಿಲೇ, ಸಿಂಗಲ್ ಫೇಸ್ ಪ್ರಿವೆಂಟರ್ ಯಾವುದನ್ನೂ ಮುಟ್ಟಲಿಲ್ಲ, 10 ಎಚ್‌ಪಿ ಮೋಟರ್ ಕಾಯೋ ಕೆಲಸ ವೈರ್‌ಲೆಸ್‌ಗೆ ಕೊಡೋ ಅಂಥದ್ದಲ್ಲ.

ಕೆರೆ ಹತ್ರ ಆಂಟೆನಾ ಕಟ್ಟೋಕೆ ನಾನು ನೋಡಿದ್ದು ಶೆಡ್ ಪಕ್ಕದ ಹಲಸಿನ ಮರ, ಒಳ್ಳೇ ಎತ್ತರ, ಗಟ್ಟಿ. ತೋಟದ ಕೆಲಸ, ಲೆಕ್ಕ ನೋಡ್ಕೊಳ್ಳೋ ರೈಟರ್ ನೋಡಿದವರೇ "ಅಣ್ಣ ಹಲಸು ಬೇಡ, ಹಣ್ಣಾದ್ರೆ ಆನೆ ಬಂದು ಆ ಮರಾನೇ ಅಲ್ಲಾಡಿಸುತ್ತೆ" ಅಂದ್ರು. ಹತ್ತು ಮೀಟರ್ ಆಚೆ ಸಿಲ್ವರ್ ಓಕಿಗೆ ಕಟ್ಟಿದೆ. ಮೇ ತಿಂಗಳಲ್ಲಿ ಹೋದಾಗ ಹಲಸಿನ ಮರದ ಬುಡದಲ್ಲಿ ಲದ್ದಿ, ಮುರಿದ ಕೊಂಬೆ, ಅವರು ಹೇಳಿದ್ದು ಹೇಳಿದ ಹಾಗೇ ಆಗಿತ್ತು.

ತೊಂದರೆ ಆಗಿಲ್ಲ ಅಂತಲ್ಲ. ಗೇಟಿನ ಬಾಕ್ಸಿನ ಕೇಬಲ್ ತೂತನ್ನ ನಾನು ಸರಿಯಾಗಿ ಮುಚ್ಚಿರಲಿಲ್ಲ, ನವೆಂಬರಲ್ಲಿ ಇರುವೆ ಒಳಗೆ ನುಗ್ಗಿ ಗೂಡು ಕಟ್ಟಿ ರಿಲೇ ಟರ್ಮಿನಲ್ ಮಧ್ಯೆ ಮೊಟ್ಟೆ ಇಟ್ಟು ಶಾರ್ಟ್ ಆಯ್ತು, ಗೇಟು ರಾತ್ರಿಯೆಲ್ಲ ತೆರೆದೇ ಇತ್ತು. ತಪ್ಪು ನನ್ನದೇ, ಹೊಸ ಬೋರ್ಡ್ ನನ್ನ ಖರ್ಚಲ್ಲೇ ಹಾಕಿ ಗ್ಲ್ಯಾಂಡ್ ಬಿಗಿದು ಸಿಲಿಕೋನ್ ಹಚ್ಚಿ ಒಳಗೆ ಸಿಲಿಕಾ ಜೆಲ್ ಪೊಟ್ಟಣ ಇಟ್ಟೆ. ಟ್ಯಾಂಕಿಗೆ ಹಾಕಿದ್ದ ಅಲ್ಟ್ರಾಸಾನಿಕ್ ಸೆನ್ಸರ್ ಮಳೆಗಾಲದಲ್ಲಿ ಮೂತಿ ಮೇಲೆ ನೀರು ಕಟ್ಕೊಂಡು ಖಾಲಿ ಟ್ಯಾಂಕನ್ನ ತುಂಬಿದೆ ಅಂತಿತ್ತು, ಅದನ್ನ ಕಿತ್ತು ಮೂರು ಫ್ಲೋಟ್ ಸ್ವಿಚ್ ಇಳಿಬಿಟ್ಟೆ, ಕಾಲು, ಅರ್ಧ, ಪೂರ್ತಿ, ಅಷ್ಟು ಗೊತ್ತಾದ್ರೆ ಸಾಕು. ಹಿಂದಿನ ಕೋಣೆಯ ಒಂದು ಬಾಗಿಲ ಸೆನ್ಸರ್ ಎರಡೇ ತಿಂಗಳಿಗೆ ಬ್ಯಾಟರಿ ತಿಂದುಹಾಕ್ತಿತ್ತು, ಸಿಗ್ನಲ್ ವೀಕಾಗಿ ಒಂದೇ ಸುದ್ದಿನ ಮತ್ತೆ ಮತ್ತೆ ಕೂಗ್ತಿತ್ತು ಅಂತ ಆಮೇಲೆ ಗೊತ್ತಾಯ್ತು, ಬಾಗಿಲ ಮೇಲಿನ ರೂಟರನ್ನ ಎರಡಡಿ ಸರಿಸಿದ ಮೇಲೆ ಸರಿಹೋಯ್ತು.

ಈ ವರ್ಷದ ಮಳೆಗಾಲ ಪೂರ್ತಿ ಒಂದು ಸಲ ದಾಟಿದೆ. ಆಗಸ್ಟ್‌ನಲ್ಲಿ ಒಂದ್ಸಲ ಮೂರು ದಿನ ಸತತ ಕರೆಂಟಿರಲಿಲ್ಲ, ಮೂರನೇ ದಿನ ಸಂಜೆ ಇನ್ವರ್ಟರ್ ಬ್ಯಾಟರಿನೂ ಮುಗೀತು, ಅಲ್ಲಿಗೆ ಜಿಗ್ಬೀನೂ ಮುಗೀತು, ಅದನ್ನ ಮುಚ್ಚಿಡೋಕೆ ನನಗೆ ಇಷ್ಟ ಇಲ್ಲ. ಆ ರಾತ್ರಿ ಪ್ಯಾಸೇಜಲ್ಲಿ ಹತ್ತಿದ್ದು ಗೋಡೆಗೆ ಅಂಟಿಸಿದ ಆ ಚಾರ್ಜಿಂಗ್ ಲೈಟ್ ಒಂದೇ. ಕೆರೆಯ ಬಾಕ್ಸಿಗೆ ಅದರದ್ದೇ ಬ್ಯಾಟರಿ ಇದ್ದಿದ್ರಿಂದ ಅದು ಮಾತಾಡ್ತಾನೇ ಇತ್ತು, ಕೇಳಿಸ್ಕೊಳ್ಳೋಕೆ ಮನೇಲಿ ಯಾರೂ ಎಚ್ಚರ ಇರಲಿಲ್ಲ ಅಷ್ಟೇ. ಈಗ ಇನ್ವರ್ಟರ್‌ಗೆ ಎರಡನೇ ಬ್ಯಾಟರಿ ಸೇರಿಸಿದೀವಿ, ಮೂರು ಜಿಗ್ಬೀ ರೂಟರ್‌ಗೂ ಪ್ಯಾಸೇಜ್ ಲೈಟಿಗೂ ಬೇರೆ 12 ವೋಲ್ಟ್ ಲೈನ್ ಎಳೆದು ಡಿಸಿ ಬಲ್ಬ್ ಹಾಕೋ ಪ್ಲಾನ್ ಇದೆ, ಆಗ ಇನ್ವರ್ಟರ್ ಸತ್ರೂ ಅದೊಂದು ಉಳಿಯುತ್ತೆ.

ಪ್ಲಾಸ್ಟರ್ ಬಿಚ್ಚಿ ವರ್ಷ ಆಯ್ತು, ಅಜ್ಜಿ ಕೈ ಪೂರ್ತಿ ಮೇಲೆತ್ತೋಕೆ ಇನ್ನೂ ಆಗಲ್ಲ. ಮೊನ್ನೆ ಸೆಪ್ಟೆಂಬರ್‌ನ ಕೈಲ್ ಮುಹೂರ್ತ ಹಬ್ಬದ ಮಾರನೇ ದಿನ ಬ್ಯಾಟರಿ ನೋಡೋಕೆ ಹೋಗಿದ್ದೆ, ಲಾಗ್ ತೆಗೆದು ನೋಡ್ದೆ, ಹಿಂದಿನ ರಾತ್ರಿ 2 ಗಂಟೆ 40ಕ್ಕೆ ಪ್ಯಾಸೇಜು, 2 ಗಂಟೆ 41ಕ್ಕೆ ಬಚ್ಚಲು, 2 ಗಂಟೆ 47ಕ್ಕೆ ಮತ್ತೆ ಪ್ಯಾಸೇಜು. ಆ ಹೊತ್ತಲ್ಲಿ ಕರೆಂಟ್ ಇರಲಿಲ್ಲ ಅಂತ ಅದೇ ಲಾಗಲ್ಲಿತ್ತು. "ರಾತ್ರಿ ಕರೆಂಟ್ ಹೋಗಿತ್ತಾ ಅಜ್ಜಿ" ಅಂತ ಕೇಳ್ದೆ. "ನನಗೇನು ಗೊತ್ತು ಮಗ, ಲೈಟ್ ಇತ್ತಲ್ಲ" ಅಂದ್ರು.